ಬೆಂಡೆಕಾಯಿಗೆ ಬೆಂಡೆ ಎಂಬ ಹೆಸರು ಎಲ್ಲಿಂದ ಬಂತು? ಪದೇ ಪದೇ ಕೇಳುವ ಪ್ರಶ್ನೆಗಳು

ಪದಗಳ ಹುಟ್ಟಿನ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಬೆಂಡೆಕಾಯಿಯನ್ನು ಎತ್ತಿಕೊಳ್ಳುತ್ತಾರೆ. ಪತ್ರಗಳಲ್ಲೂ ಅದೇ ಕಥೆ. ಬಹುಶಃ ಅದು ಇಂಗ್ಲಿಷಿನಲ್ಲಿ ಬೆರಳು, ಹಿಂದಿಯಲ್ಲಿ ಭಿಂಡಿ, ಅರಬ್ಬರಲ್ಲಿ ಬಾಮಿಯಾ, ಅಮೆರಿಕದಲ್ಲಿ ಓಕ್ರಾ ಆಗಿರುವುದೇ ಈ ಕುತೂಹಲಕ್ಕೆ ಕಾರಣ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟುಕೊಂಡು, ಸುಲಭದ್ದರಿಂದ ಕಷ್ಟದ್ದರ ಕಡೆಗೆ ಜೋಡಿಸಿದ್ದೇನೆ.

## ಮೊದಲು ಕೇಳುವ ಪ್ರಶ್ನೆಗಳು

ಬೆಂಡೆ ಎಂದರೆ ಅರ್ಥವೇನು?

ಇಂದಿನ ಕನ್ನಡದಲ್ಲಿ ಅದು ಆ ಗಿಡದ ಹೆಸರು, ಅಷ್ಟೇ. ಸೀಮೆಬದನೆ ಎಂದರೆ ಸೀಮೆಯಿಂದ ಬಂದ ಬದನೆ, ದೊಣ್ಣೆಮೆಣಸಿನಕಾಯಿ ಎಂದರೆ ದೊಣ್ಣೆಯಂತೆ ದಪ್ಪಗಿರುವ ಮೆಣಸಿನಕಾಯಿ ಎಂದು ಬಿಡಿಸಿ ಹೇಳಬಹುದು. ಆದರೆ ಬಾಳೆ, ಅವರೆ, ಬೆಂಡೆ ಇವನ್ನು ಹಾಗೆ ಬಿಡಿಸಲಾಗುವುದಿಲ್ಲ. ಹೆಸರು ಹಳತಾದಷ್ಟೂ ಅದರೊಳಗಿನ ಅರ್ಥ ಸವೆದುಹೋಗಿ ಬರಿಯ ಗುರುತಾಗಿ ಉಳಿಯುತ್ತದೆ. ಒಂದು ಹೆಸರಿಗೆ ಅರ್ಥ ಕಾಣದಿದ್ದರೆ ಅದು ಬೇರೆ ಭಾಷೆಯದ್ದೇ ಇರಬೇಕು ಎಂದು ಅನೇಕರು ತೀರ್ಮಾನಿಸಿಬಿಡುತ್ತಾರೆ. ಆ ಲೆಕ್ಕದಲ್ಲಿ ಕಲ್ಲು, ಮಣ್ಣು, ನೀರು ಕೂಡ ಪರಭಾಷೆಯವಾಗಬೇಕಾಗುತ್ತದೆ.

ಕಾಯಿ ಎಂದು ಏಕೆ ಸೇರಿಸುತ್ತೇವೆ? ಬಲಿತು ಹಣ್ಣಾದರೆ ಬೆಂಡೆಹಣ್ಣು ಎನ್ನಬೇಕೇ?

ಬೆಂಡೆಹಣ್ಣು ಎಂಬ ಮಾತೇ ಇಲ್ಲ, ಏಕೆಂದರೆ ಬೆಂಡೆ ಹಣ್ಣಾಗುವುದಿಲ್ಲ. ಅದು ಬಲಿತರೆ ನಾರು ನಾರಾಗಿ, ಒಣಗಿ, ಏಣುಗಳ ಉದ್ದಕ್ಕೆ ಸೀಳಿ ಬೀಜ ಉದುರಿಸುತ್ತದೆ. ಮಾವು, ಬಾಳೆಗಳಿಗೆ ಕಾಯಿ ಮತ್ತು ಹಣ್ಣು ಎರಡು ಹಂತಗಳಾದರೆ ಬೆಂಡೆ, ಅವರೆಗಳಿಗೆ ಕಾಯಿ ಒಂದೇ. ಸಸ್ಯಶಾಸ್ತ್ರದ ಪುಸ್ತಕ ಇದನ್ನೂ ‘ಫಲ’ ಎಂದೇ ಕರೆಯುತ್ತದೆ. ಅಡುಗೆಮನೆಯ ಕನ್ನಡ ಮೆತ್ತಗಾಗಿ ಸಿಹಿಯಾಗುವುದಕ್ಕೂ ಒಣಗಿ ಸಿಡಿಯುವುದಕ್ಕೂ ಬೇರೆ ಬೇರೆ ಪದ ಇಟ್ಟುಕೊಂಡಿದೆ. ಇಲ್ಲಿ ಪುಸ್ತಕಕ್ಕಿಂತ ಅಡುಗೆಮನೆಯ ಕಣ್ಣೇ ಚುರುಕು ಎಂದು ನನಗನ್ನಿಸುತ್ತದೆ.

ನಮ್ಮ ಕಡೆ ಬೆಂಡಿಕಾಯಿ ಎನ್ನುತ್ತಾರೆ. ಇದು ಹಿಂದಿಯ ಭಿಂಡಿಯ ಪ್ರಭಾವವೇ?

ಅಲ್ಲ. ಧಾರವಾಡದ ಕಡೆಯ ಕನ್ನಡದಲ್ಲಿ ಪದದ ಕೊನೆಯ ‘ಎ’ಕಾರ ‘ಇ’ಕಾರವಾಗುತ್ತದೆ. ಮನೆ ಮನಿಯಾಗುತ್ತದೆ, ತಲೆ ತಲಿಯಾಗುತ್ತದೆ, ಬಾಳೆ ಬಾಳಿಯಾಗುತ್ತದೆ. ಅದೇ ಹಾದಿಯಲ್ಲಿ ಬೆಂಡೆ ಬೆಂಡಿಯಾಗಿದೆ. ಹಿಂದಿಯ ಪ್ರಭಾವವೇ ಆಗಿದ್ದರೆ ಮೊದಲ ಅಕ್ಷರವೂ ಬದಲಾಗಿ ‘ಬಿಂಡಿ’ ಎಂದಾಗಬೇಕಿತ್ತು, ಆಗಿಲ್ಲ. ಬರವಣಿಗೆಯಲ್ಲಿ ಬೆಂಡೆಕಾಯಿ ಎಂದಿರಲಿ. ಬೆಂಡೇಕಾಯಿ ಎಂದು ಎಳೆದು ಹೇಳುವುದು ಉಚ್ಚಾರಣೆಯ ರೂಢಿ, ತಪ್ಪೇನಲ್ಲ.

ಮಳೆಗಾಲ ಎನ್ನುತ್ತೇವೆ, ಎಣ್ಣೆಗಾಯಿ ಎನ್ನುತ್ತೇವೆ. ಹಾಗಾದರೆ ಬೆಂಡೆಗಾಯಿ ಏಕಲ್ಲ?

ಒಳ್ಳೆಯ ಪ್ರಶ್ನೆ, ಹೆಚ್ಚಾಗಿ ಕನ್ನಡ ಮೇಷ್ಟರುಗಳಿಂದಲೇ ಬರುತ್ತದೆ. ಎರಡು ಪದ ಸೇರಿದಾಗ ಎರಡನೆಯದರ ಮೊದಲ ಕಕಾರ ಗಕಾರವಾಗುವುದು ಆದೇಶಸಂಧಿ. ಆದರೆ ತರಕಾರಿಗಳ ಹೆಸರುಗಳು ಈ ನಿಯಮಕ್ಕೆ ಅಷ್ಟಾಗಿ ತಲೆಬಾಗುವುದಿಲ್ಲ. ಬದನೆಕಾಯಿ, ಹೀರೆಕಾಯಿ, ಅವರೆಕಾಯಿ, ನೆಲ್ಲಿಕಾಯಿ ಎಲ್ಲವೂ ಕಕಾರವನ್ನು ಉಳಿಸಿಕೊಂಡಿವೆ. ಬೆಂಡೆ ಗಿಡ, ಬೆಂಡೆ ಬೀಜ, ಬೆಂಡೆ ಸಸಿ ಎನ್ನುವಾಗ ಬೆಂಡೆ ತನ್ನ ಪಾಡಿಗೆ ತಾನು ನಿಲ್ಲುತ್ತದೆ, ಕಾಯಿ ಅದರ ಪಕ್ಕಕ್ಕೆ ಬಂದು ಕುಳಿತ ಇನ್ನೊಂದು ಪದವಾಗಿ ನಮಗೆ ಕೇಳಿಸುತ್ತದೆ. ಎಣ್ಣೆಗಾಯಿ ಹಾಗಲ್ಲ. ಅದು ಎಣ್ಣೆಯೂ ಅಲ್ಲ, ಬರಿಯ ಕಾಯಿಯೂ ಅಲ್ಲ, ಮೂರನೆಯದೇ ಒಂದು ಪದಾರ್ಥ. ಎರಡು ಪದ ಕರಗಿ ಒಂದಾದ ಗುರುತು ಆ ಗಕಾರ.

## ಚೆಂದದ ಕಥೆಗಳು

ಬೆಂದರೆ ಮೆತ್ತಗಾಗುತ್ತದೆ, ಅದಕ್ಕೇ ಬೆಂದಕಾಯಿ ಬೆಂಡೆಕಾಯಿ ಆಯಿತಂತೆ. ನಿಜವೇ?

ಬೆಂದರೆ ಮೆತ್ತಗಾಗದ ತರಕಾರಿ ಯಾವುದಿದೆ? ಅದಿರಲಿ, ‘ಬೆಂದ’ ಎಂಬುದು ಬೇಯು ಧಾತುವಿನ ರೂಪ, ಅದರಲ್ಲಿರುವುದು ನಾಲಿಗೆ ಹಲ್ಲಿಗೆ ತಾಗುವ ದಕಾರ. ಬೆಂಡೆಯಲ್ಲಿರುವುದು ನಾಲಿಗೆ ಮೇಲಕ್ಕೆ ಮಡಚಿ ಹೇಳುವ ಡಕಾರ. ಕನ್ನಡಿಗರು ಈ ಎರಡನ್ನು ಸುಮ್ಮಸುಮ್ಮನೆ ಅದಲುಬದಲು ಮಾಡುವುದಿಲ್ಲ. ಬಂದ ಮತ್ತು ಬಂಡ ಒಂದೇ ಎಂದು ಯಾರೂ ಹೇಳುವುದಿಲ್ಲವಲ್ಲ. ಇದೇ ‘ಬೆಂದ’ ಬೆಂಗಳೂರಿಗೂ ಅಂಟಿಕೊಂಡಿದೆ. ವೀರಬಲ್ಲಾಳನಿಗೆ ಮುದುಕಿ ಬೆಂದ ಕಾಳು ಕೊಟ್ಟಳೆಂಬ ಕಥೆ ಎಷ್ಟು ಚೆಂದವೋ, ಅವನಿಗಿಂತ ಮುನ್ನೂರು ವರ್ಷ ಹಿಂದಿನ ಬೇಗೂರು ಶಾಸನದಲ್ಲಿ ಬೆಂಗಳೂರು ಎಂಬ ಹೆಸರಿರುವುದೂ ಅಷ್ಟೇ ನಿಜ.

ಬೆಂಡು, ಬೆಂಡಾದ ಎಂಬ ಮಾತುಗಳಿಗೂ ಬೆಂಡೆಗೂ ನಂಟಿದೆಯೇ?

ಇದನ್ನು ಮೇಲಿನದರಷ್ಟು ಸುಲಭವಾಗಿ ತಳ್ಳಿಹಾಕಲಾಗುವುದಿಲ್ಲ. ಬೆಂಡು ಎಂದರೆ ಗಿಡದ ಹಗುರವಾದ ತಿರುಳು, ನೀರಿನಲ್ಲಿ ತೇಲುವ ಸತ್ತ್ವವಿಲ್ಲದ ಮರ. ಬಸವಳಿದು ಬೆಂಡಾದ ಎನ್ನುವಾಗ ನಾವು ಹೇಳುವುದು ಮನುಷ್ಯ ಒಳಗಿನ ಕಸುವೆಲ್ಲ ಹೋಗಿ ಬೆಂಡಿನಂತಾದ ಎಂದು. ಜಾತ್ರೆಯ ಬೆಂಡು ಬತ್ತಾಸಿನ ಬೆಂಡೂ ಹಗುರವೇ. ಬೆಂಡೆಯ ಕಾಂಡ ಒಣಗಿದರೆ ಒಳಗೆ ತಿರುಳು ಹಗುರವಾಗಿರುತ್ತದೆ ಎಂಬುದೂ ಸರಿ. ಆದರೂ ಎರಡು ಪದಗಳ ಸದ್ದು ಹೊಂದಿತು, ಅರ್ಥವನ್ನೂ ಸ್ವಲ್ಪ ಎಳೆದು ಹೊಂದಿಸಿದೆವು ಎಂಬಷ್ಟಕ್ಕೆ ನಂಟಸ್ತಿಕೆ ಸಾಬೀತಾಗುವುದಿಲ್ಲ. ಒಣ ಕಾಂಡದೊಳಗೆ ತಿರುಳಿರುವ ಗಿಡ ಬೆಂಡೆಯೊಂದೇ ಅಲ್ಲ. ನನಗೆ ಈ ಊಹೆ ಇಷ್ಟ. ಇಷ್ಟವಾದದ್ದಕ್ಕೇ ಇನ್ನಷ್ಟು ಅನುಮಾನದಿಂದ ನೋಡುತ್ತೇನೆ.

ಲೇಡೀಸ್ ಫಿಂಗರ್ ಎಂಬ ಹೆಸರನ್ನು ನಮ್ಮವರೇ ಇಂಗ್ಲಿಷಿಗೆ ಕೊಟ್ಟದ್ದೇ?

ಕನ್ನಡದಲ್ಲಾಗಲಿ ನೆರೆಯ ಭಾಷೆಗಳಲ್ಲಾಗಲಿ ಬೆಂಡೆಯ ರೂಢಿಯ ಹೆಸರಿನಲ್ಲಿ ಬೆರಳಿಲ್ಲ. ಇದು ಇಂಗ್ಲಿಷರದೇ ಹೋಲಿಕೆ. ನೀಳವಾಗಿ ತುದಿಗೆ ಮೊನಚಾಗುವ ಯಾವುದನ್ನು ಕಂಡರೂ ಅವರಿಗೆ ಹೆಣ್ಣಿನ ಬೆರಳು ನೆನಪಾಗುತ್ತಿತ್ತೇನೋ. ಅದೇ ಹೆಸರು ಒಂದು ಕಾಡುಹೂವಿಗಿದೆ, ಒಂದು ಬಗೆಯ ಸಣ್ಣ ಬಾಳೆಹಣ್ಣಿಗಿದೆ, ಉದ್ದನೆಯ ಬಿಸ್ಕತ್ತಿಗೂ ಇದೆ. ಅಮೆರಿಕದವರ ಮುಂದೆ ಲೇಡಿಫಿಂಗರ್ ಎಂದರೆ ಅವರು ಬಿಸ್ಕತ್ತು ತಂದಿಟ್ಟಾರು.

ಬೆರಳಿನ ಮಾತು ಬಂದದ್ದಕ್ಕೆ ಒಂದು ಸ್ವಾರಸ್ಯ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೊರತಂದ ಹೆಸರಾಂತ ಬೆಂಡೆ ತಳಿ ‘ಅರ್ಕಾ ಅನಾಮಿಕಾ’. ಎಲೆಯ ನರ ಹಳದಿಯಾಗುವ ನಂಜಾಣು ರೋಗವನ್ನು ತಡೆದುಕೊಳ್ಳಲೆಂದು ಬೆಂಡೆಯ ಕಾಡುನಂಟನೊಂದರ ಜೊತೆ ಸಂಕರ ಮಾಡಿ ಪಡೆದದ್ದು. ಅನಾಮಿಕಾ ಎಂದರೆ ಹೆಸರಿಲ್ಲದ್ದು. ಸಂಸ್ಕೃತದಲ್ಲಿ ಅದು ಉಂಗುರ ಬೆರಳಿನ ಹೆಸರೂ ಹೌದು. ಬೆರಳೆಂದು ಕರೆಸಿಕೊಂಡ ಕಾಯಿಗೆ ಬೆರಳಿನ ಹೆಸರಿನ ತಳಿ!

## ನೆರೆಹೊರೆಯ ಭಾಷೆಗಳು

ತಮಿಳಿನಲ್ಲಿ ವೆಂಡೈಕ್ಕಾಯ್ ಎನ್ನುತ್ತಾರೆ. ನಮ್ಮ ಬೆಂಡೆ ಅದರಿಂದ ಬಂದದ್ದೇ?

ಅದರಿಂದ ಬಂದದ್ದು ಎನ್ನುವುದಕ್ಕಿಂತ ಅದರ ಒಡಹುಟ್ಟು ಎನ್ನುವುದು ಸರಿ. ತಮಿಳಿನಲ್ಲಿ ಪದದ ಮೊದಲಿಗೆ ವಕಾರವಿದ್ದರೆ ಕನ್ನಡದಲ್ಲಿ ಬಕಾರ ಇರುವುದು ಬಲು ಸಾಮಾನ್ಯ. ವಾಯ್–ಬಾಯಿ, ವೇರ್–ಬೇರು, ವಿಲ್–ಬಿಲ್ಲು, ವಾಳೈ–ಬಾಳೆ, ವಿರಲ್–ಬೆರಳು. ಹಾಗೆಯೇ ತಮಿಳಿನ ಕೊನೆಯ ‘ಐ’ ಕನ್ನಡದಲ್ಲಿ ‘ಎ’ ಆಗಿರುತ್ತದೆ, ತೆಲುಗು ಮತ್ತು ಮಲಯಾಳಗಳಲ್ಲಿ ‘ಅ’. ತಲೆಯನ್ನು ತಮಿಳರು ತಲೈ ಎನ್ನುತ್ತಾರೆ, ತೆಲುಗರೂ ಮಲಯಾಳಿಗಳೂ ತಲ ಎನ್ನುತ್ತಾರೆ. ಈಗ ಬೆಂಡೆಯನ್ನು ಪಕ್ಕಕ್ಕಿಟ್ಟು ನೋಡಿ: ತಮಿಳಿನ ವೆಂಡೈ, ಕನ್ನಡದ ಬೆಂಡೆ, ಮಲಯಾಳದ ವೆಂಡ, ತೆಲುಗಿನ ಬೆಂಡ. ಕೊನೆಯ ಸ್ವರ ತಲೆಯ ದಾರಿಯನ್ನೇ ಹಿಡಿದಿದೆ. ಮೊನ್ನೆ ಮೊನ್ನೆ ಸಾಲ ತಂದ ಪದ ಇಷ್ಟು ಶಿಸ್ತಾಗಿ ಎಲ್ಲ ಕಡೆ ಹೊಂದಿಕೊಳ್ಳುವುದು ಅಪರೂಪ.

ಒಂದೇ ಒಂದು ಕಡೆ ಗಂಟಿದೆ, ಅದು ತೆಲುಗಿನಲ್ಲಿ. ತೆಲುಗು ಸಾಮಾನ್ಯವಾಗಿ ವಕಾರವನ್ನು ಬಿಟ್ಟುಕೊಡುವ ಭಾಷೆಯಲ್ಲ. ಬೇರು ಅಲ್ಲಿ ವೇರು, ಬಿಲ್ಲು ವಿಲ್ಲು, ಬೆಳ್ಳಿ ವೆಂಡಿ. ಹಾಗಿದ್ದ ಮೇಲೆ ವೆಂಡ ಎಂದಿರಬೇಕಿತ್ತು, ಆದರೆ ಇರುವುದು ಬೆಂಡ. ಬೆಲ್ಲಕ್ಕೂ ಅವರು ಬೆಲ್ಲಂ ಎಂದೇ ಹೇಳುತ್ತಾರೆ. ಬೆಲ್ಲವೂ ಬೆಂಡೆಯೂ ಸಂತೆಯ ಸರಕು. ಕನ್ನಡದ ಕಡೆಯಿಂದ ಗಾಡಿಯ ಜೊತೆಗೇ ಹೆಸರೂ ಗಡಿ ದಾಟಿರಬಹುದು ಎಂದು ನನ್ನ ಊಹೆ.

ಭಿಂಡಿ ಸಂಸ್ಕೃತದ್ದಲ್ಲವೇ? ಹಾಗಾದರೆ ಬೆಂಡೆಯೂ ಸಂಸ್ಕೃತದಿಂದಲೇ ಬಂದಿರಬೇಕು.

ಸಂಸ್ಕೃತದ ಕೋಶಗಳಲ್ಲಿ ಭಿಂಡಾ, ಭಿಂಡಕ, ಭೇಂಡಾ ಎಂಬ ರೂಪಗಳಿವೆ ಎಂಬುದು ಸರಿ. ಹಿಂದಿಯ ಭಿಂಡಿ, ಮರಾಠಿಯ ಭೇಂಡಿ, ಗುಜರಾತಿಯ ಭಿಂಡಾ ಆ ಸಾಲಿನವು. (ಬಂಗಾಳಿಗಳು ಮಾತ್ರ ಢೆಂಡಶ್ ಎಂಬ ಬೇರೆಯದೇ ಹೆಸರು ಹಿಡಿದಿದ್ದಾರೆ.) ಆದರೆ ಕೋಶದಲ್ಲಿದೆ ಎಂದ ಮಾತ್ರಕ್ಕೆ ಅಲ್ಲೇ ಹುಟ್ಟಿತು ಎಂದಾಗುವುದಿಲ್ಲ. ಸಂಸ್ಕೃತದ ಸಸ್ಯನಾಮಗಳಲ್ಲಿ ಬಹಳಷ್ಟು ನೆಲದ ಭಾಷೆಗಳಿಂದ ಎತ್ತಿಕೊಂಡವು. ವೈದ್ಯರಿಗೆ ಗಿಡ ತೋರಿಸಿದವರು ಹೇಳಿದ ಹೆಸರನ್ನೇ ಸ್ವಲ್ಪ ಉಜ್ಜಿ ಶ್ಲೋಕಕ್ಕೆ ಸೇರಿಸಿದ್ದಾರೆ. ಭಿಂಡಾ ಪದಕ್ಕೆ ಸಂಸ್ಕೃತದೊಳಗೆ ಒಪ್ಪುವ ಧಾತು ಇಲ್ಲ. ಮೇಲಾಗಿ ಅದು ಕಾಣಿಸುವುದು ತಡವಾಗಿ ಬಂದ ನಿಘಂಟುಗಳಲ್ಲಿ, ವೇದದ ಭಾಷೆಯಲ್ಲಲ್ಲ. ಭಿಂಡಾ, ಭಿಂಡಕ, ಭೇಂಡಾ ಎಂದು ಒಂದೇ ಹೆಸರು ಹಲವು ರೂಪದಲ್ಲಿ ತೂಗಾಡುವುದೂ ಹೊರಗಿನಿಂದ ಬಂದ ಪದದ ಲಕ್ಷಣವೇ.

ಇನ್ನೊಂದು ಕಡೆಯಿಂದಲೂ ನೋಡಬೇಕು. ಸಂಸ್ಕೃತದ ಭಕಾರ ತಮಿಳಿಗೆ ಹೋದಾಗ ಸಾಮಾನ್ಯವಾಗಿ ಪಕಾರವಾಗುತ್ತದೆ, ಭಾರವನ್ನು ಅವರು ಪಕಾರದಿಂದಲೇ ಬರೆಯುತ್ತಾರೆ. ಭೀಮ ಮಾತ್ರ ವೀಮನ್ ಆದದ್ದೂ ಉಂಟು, ಆದ್ದರಿಂದ ಭಿಂಡಾ ವೆಂಡೈ ಆಗಲಾರದು ಎಂದು ಮೇಜು ಕುಟ್ಟಿ ಹೇಳುವ ಹಾಗಿಲ್ಲ. ಎಲ್ಲವನ್ನೂ ತೂಗಿದರೆ ತಕ್ಕಡಿ ದಕ್ಷಿಣದ ಕಡೆಗೇ ವಾಲುತ್ತದೆ. ಮುಂದಿನ ಪ್ರಶ್ನೆಯಲ್ಲಿ ಬರುವ ಮರಗಳು ನನ್ನನ್ನು ಇನ್ನಷ್ಟು ಆ ಕಡೆಗೆ ನೂಕಿವೆ.

ಮಲೆನಾಡಿನಲ್ಲಿ ಬೆಂಡೆ ಮರ ಎಂಬುದೊಂದಿದೆ. ಅದಕ್ಕೂ ಈ ತರಕಾರಿಗೂ ಏನು ಸಂಬಂಧ?

ಬೆಂಡೆಯ ಹೆಸರಿನ ಬೀಗಕ್ಕೆ ಬೀಗದಕೈ ಈ ಮರವೇ ಎಂದು ನಾನು ನಂಬಿದ್ದೇನೆ. ಮಲೆನಾಡಿನವರು ಬೆಂಡೆ ಅಥವಾ ನಾಯಿಬೆಂಡೆ ಎನ್ನುವ ಮರದ ಶಾಸ್ತ್ರೀಯ ಹೆಸರು ಕೀಡಿಯಾ ಕ್ಯಾಲಿಸಿನಾ. ಮಲಯಾಳದಲ್ಲಿ ಅದಕ್ಕೂ ವೆಂಡ ಎಂಬ ಹೆಸರಿದೆ. ಅದರ ತೊಗಟೆಯಿಂದ ನಾರು ತೆಗೆಯುತ್ತಾರೆ, ತೊಗಟೆಯಲ್ಲಿ ಲೋಳೆಯೂ ಇದೆ. ಇತ್ತ ಮರಾಠಿಯಲ್ಲಿ ಭೇಂಡಿ ಎಂದರೆ ತರಕಾರಿಯೂ ಹೌದು, ಕಡಲ ತೀರದ ಹೂವರಸಿ ಮರವೂ ಹೌದು. ಮುಂಬೈಯ ಭೇಂಡಿ ಬಜಾರಿಗೆ ಹೆಸರು ಬಂದದ್ದು ಅಲ್ಲಿದ್ದ ಈ ಮರಗಳಿಂದ ಎಂಬುದು ಒಂದು ವಿವರಣೆ. ಇಂಗ್ಲಿಷರು ‘ಬಿಹೈಂಡ್ ದ ಬಜಾರ್’ ಎನ್ನುತ್ತಿದ್ದುದು ಅಪಭ್ರಂಶವಾಯಿತು ಎಂಬುದು ಇನ್ನೊಂದು. ಎರಡನೆಯದು ನನಗೆ ಬೆಂದಕಾಳೂರಿನ ತಮ್ಮನಂತೆ ಕಾಣುತ್ತದೆ.

ಬೆಂಡೆಕಾಯಿ, ಮಲೆನಾಡಿನ ಬೆಂಡೆ ಮರ, ಹೂವರಸಿ ಮೂರೂ ಸಸ್ಯಶಾಸ್ತ್ರದಲ್ಲಿ ದಾಸವಾಳದ ಕುಟುಂಬದವು. ಹತ್ತಿ, ಪುಂಡಿಗಳೂ ಅದೇ ಮನೆಯವು. ನಾರು ಮತ್ತು ಲೋಳೆ ಈ ಕುಟುಂಬದ ಗುರುತು. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲೇ ಜನ ಈ ನಂಟನ್ನು ಕೈಬೆರಳಿನಿಂದ ತಿಳಿದಿದ್ದರು. ತೊಗಟೆ ಸುಲಿದರೆ ಹಗ್ಗವಾಗುವ, ಕಿವುಚಿದರೆ ಜಾರುವ ಗಿಡಗಳಿಗೆ ಒಂದೇ ಹೆಸರು ಹಂಚಿದ್ದರು. ಬೆಂಡೆ ಎಂಬುದು ಮೊದಲಿಗೆ ಒಂದು ತರಕಾರಿಯ ಹೆಸರೇ ಆಗಿರಲಿಕ್ಕಿಲ್ಲ, ಇಂಥ ಗಿಡಗಳ ಬಳಗಕ್ಕೇ ಇದ್ದ ಹೆಸರಿರಬೇಕು ಎಂಬುದು ನನ್ನ ವಾದ.

## ಕಡಲಾಚೆಯ ಹೆಸರುಗಳು

ಓಕ್ರಾ ಎಂಬುದು ಜಪಾನಿ ಪದವೇ?

ಜಪಾನಿಗರು ಒಕುರಾ ಎನ್ನುವುದರಿಂದ ಈ ಅನುಮಾನ. ಅವರು ಅದನ್ನು ಪರಭಾಷೆಯ ಪದಗಳಿಗೆಂದೇ ಇರುವ ಲಿಪಿಯಲ್ಲಿ ಬರೆಯುತ್ತಾರೆ. ಮೂಲ ಪಶ್ಚಿಮ ಆಫ್ರಿಕಾ. ಈಗಿನ ನೈಜೀರಿಯಾದ ಇಗ್ಬೊ ಭಾಷೆಯ ಒಕುರು ಎಂಬಂಥ ಪದ ಗುಲಾಮರ ಹಡಗುಗಳ ಜೊತೆ ಅಟ್ಲಾಂಟಿಕ್ ದಾಟಿ, 17ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷ್ ಸೇರಿತು.

ಅಮೆರಿಕದಲ್ಲಿ ಗಂಬೊ ಎನ್ನುವುದೂ ಇದನ್ನೇ?

ಲೂಯಿಸಿಯಾನಾದಲ್ಲಿ ಗಂಬೊ ಈಗ ಒಂದು ಗಟ್ಟಿ ಸಾರಿನ ಹೆಸರು, ಮೊದಲು ಬೆಂಡೆಯದೇ ಹೆಸರಾಗಿತ್ತು. ಅಂಗೋಲಾದ ಕಿಂಬುಂಡು ಭಾಷೆಯಲ್ಲಿ ಬೆಂಡೆಗೆ ಕಿಂಗೊಂಬೊ ಎನ್ನುತ್ತಾರೆ. ಮೊದಲಿನ ‘ಕಿ’ ಆ ಬಳಗದ ಆಫ್ರಿಕಾ ಭಾಷೆಗಳಲ್ಲಿ ನಾಮಪದದ ವರ್ಗ ತೋರಿಸುವ ಪ್ರತ್ಯಯ, ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯನ್ನು ಕಿಸ್ವಾಹಿಲಿ ಎನ್ನುವಾಗ ಇರುತ್ತದಲ್ಲ, ಅದೇ. ಲೂಯಿಸಿಯಾನಾದಲ್ಲಿ ಅದು ಉದುರಿಹೋಯಿತು, ಕ್ಯೂಬಾದವರು ಕಿಂಬೊಂಬೊ ಎಂದು ಉಳಿಸಿಕೊಂಡರು. ಸಾರನ್ನು ಗಟ್ಟಿ ಮಾಡಲು ಅಲ್ಲಿನ ಚಾಕ್ಟಾ ಮೂಲನಿವಾಸಿಗಳು ಬಳಸುತ್ತಿದ್ದ ಎಲೆಯ ಪುಡಿಗೆ ಕೊಂಬೊ ಎಂಬ ಹೆಸರಿತ್ತು, ಗಂಬೊ ಅದರಿಂದಲೇ ಬಂತು ಎನ್ನುವವರೂ ಇದ್ದಾರೆ. ಬೆಂಡೆಯ ಹೆಸರಾಗಿ ಅಂಗೋಲಾದ ಮೂಲವೇ ಗಟ್ಟಿ.

ಬಾಮಿಯಾ?

ಅರಬ್ಬಿ. ತುರ್ಕಿ, ಪರ್ಶಿಯನ್, ಗ್ರೀಕ್ ಭಾಷೆಗಳಿಗೂ ಅದೇ ಹರಡಿದೆ. ಇಟಲಿಯ ವೈದ್ಯ ಪ್ರೊಸ್ಪೆರೊ ಆಲ್ಪಿನಿ 1592ರಲ್ಲಿ ಈಜಿಪ್ಟಿನ ಗಿಡಗಳ ಬಗ್ಗೆ ಬರೆದಾಗ ಬೆಂಡೆಯನ್ನು ಇದೇ ಹೆಸರಿನಿಂದ ವರ್ಣಿಸಿದ.

ನಮ್ಮ ಬೆಂಡೆ ಎಂಬ ಹೆಸರು ಹೊರಗೆ ಎಲ್ಲಿಗಾದರೂ ಹೋಗಿದೆಯೇ?

ಚೆನ್ನಾಗಿಯೇ ತಿರುಗಾಡಿದೆ. ಸಿಂಹಳದಲ್ಲಿ ಬಂಡಕ್ಕಾ, ಅದರ ಕೊನೆಯಲ್ಲಿ ನಮ್ಮ ‘ಕಾಯಿ’ ಕರಗಿ ಕುಳಿತಿದೆ. ಮಲೇಷ್ಯಾದ ಮಲಯ ಭಾಷೆಯಲ್ಲಿ ಬೆಂಡಿ. ಭಾರತದಲ್ಲಿದ್ದ ಇಂಗ್ಲಿಷರು ಬೆಂಡಿ ಎಂದೂ, ದಕ್ಷಿಣದಲ್ಲಿದ್ದವರು ಬ್ಯಾಂಡಿಕಾಯ್ ಎಂದೂ ಹೇಳುತ್ತಿದ್ದರು. ಆ ಕಾಲದ ಆಂಗ್ಲೋ-ಇಂಡಿಯನ್ ಮಾತುಗಳ ಕೋಶವಾದ, 1886ರ ‘ಹಾಬ್ಸನ್-ಜಾಬ್ಸನ್’ನಲ್ಲಿ ಎರಡೂ ದಾಖಲಾಗಿವೆ. ವೆಂಡೈಕ್ಕಾಯ್ ಅವರ ನಾಲಿಗೆಯಲ್ಲಿ ಪಟ್ಟ ಪಾಡು ಅದು. ಹೆಗ್ಗಣವನ್ನು ಇಂಗ್ಲಿಷರು ಬ್ಯಾಂಡಿಕೂಟ್ ಎನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ತೆಲುಗಿನ ಪಂದಿಕೊಕ್ಕು, ಅಂದರೆ ಹಂದಿಯಿಲಿ.

## ಸ್ವಲ್ಪ ಆಳಕ್ಕೆ

ಬೆಂಡೆಯ ಶಾಸ್ತ್ರೀಯ ಹೆಸರಿನಲ್ಲಿ ಕಸ್ತೂರಿ ಇದೆಯಂತೆ. ಬೆಂಡೆಗೆಲ್ಲಿಯ ಪರಿಮಳ?

1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಇದನ್ನು ದಾಸವಾಳಗಳ ಜೊತೆ ಸೇರಿಸಿ ಹೈಬಿಸ್ಕಸ್ ಎಸ್ಕ್ಯುಲೆಂಟಸ್ ಎಂದ. ಎಸ್ಕ್ಯುಲೆಂಟಸ್ ಎಂದರೆ ತಿನ್ನಬಹುದಾದದ್ದು. 1794ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ಮೋಂಚ್ ಅದನ್ನು ಅಬೆಲ್ಮೋಸ್ಕಸ್ ಎಂಬ ಕುಲಕ್ಕೆ ವರ್ಗಾಯಿಸಿದ. ಈ ಕುಲನಾಮದಲ್ಲಿರುವುದು ಅರಬ್ಬಿಯ ಮಿಸ್ಕ್, ಅಂದರೆ ಕಸ್ತೂರಿ. ಪರಿಮಳ ನಮ್ಮ ತರಕಾರಿಯದ್ದಲ್ಲ, ಅದರ ದಾಯಾದಿಯದು. ಕಸ್ತೂರಿಬೆಂಡೆ ಅಥವಾ ಲತಾಕಸ್ತೂರಿ ಎಂಬ ಗಿಡದ ಬೀಜ ಉಜ್ಜಿದರೆ ಕಸ್ತೂರಿಯ ಕಂಪು ಬರುತ್ತದೆ, ಸುಗಂಧದ್ರವ್ಯಗಳಿಗೆ ಅದನ್ನು ಬಳಸುತ್ತಾರೆ. ದಾಯಾದಿಯ ಕೀರ್ತಿ ಬೆಂಡೆಯ ಕೊರಳಿಗೂ ಬಿದ್ದಿದೆ. ಕನ್ನಡಿಗರು ಕಸ್ತೂರಿಬೆಂಡೆ ಎಂದು ಹೆಸರಿಟ್ಟಾಗ ಸಸ್ಯಶಾಸ್ತ್ರಜ್ಞರು ಕಂಡ ನಂಟನ್ನೇ ಕಂಡಿದ್ದರು ಎಂಬುದನ್ನು ಗಮನಿಸಬೇಕು.

ಬೆಂಡೆ ಆಫ್ರಿಕಾದ ಬೆಳೆ ಎಂದು ಓದಿದ್ದೇನೆ. ಗಿಡ ಅಲ್ಲಿಯದಾದರೆ ಹೆಸರು ಇಲ್ಲಿಯದು ಹೇಗೆ?

ತವರು ಆಫ್ರಿಕಾವೋ ಭಾರತವೋ ಎಂಬ ಜಗಳ ಹಳೆಯದು. ಭಾರತದ ಪರವಾಗಿ ಒಂದು ಲೆಕ್ಕ ಕೊಡುತ್ತಾರೆ. ಬೆಂಡೆಯ ಕೋಶದಲ್ಲಿ ಸಾಮಾನ್ಯವಾಗಿ 130 ವರ್ಣತಂತುಗಳಿವೆ (ಕ್ರೋಮೋಸೋಮುಗಳು). ಉತ್ತರ ಭಾರತದಲ್ಲಿ ಕಾಡಾಗಿ ಬೆಳೆಯುವ ಅಬೆಲ್ಮೋಸ್ಕಸ್ ಟ್ಯುಬರ್ಕ್ಯುಲೇಟಸ್ ಎಂಬ ನಂಟನಲ್ಲಿ 58, ಅಬೆಲ್ಮೋಸ್ಕಸ್ ಫಿಕಲ್ನಿಯಸ್ ಎಂಬ ಇನ್ನೊಂದರಲ್ಲಿ 72. ಕೂಡಿದರೆ 130. ಈ ಎರಡರ ಮದುವೆಯಿಂದ ಬೆಂಡೆ ಹುಟ್ಟಿತು ಎಂಬುದು ಒಂದು ಸಿದ್ಧಾಂತ. ಆಫ್ರಿಕಾದ ಪರ ಇರುವವರು ಅಲ್ಲಿನ ತಳಿಗಳ ವೈವಿಧ್ಯವನ್ನು ಮುಂದಿಡುತ್ತಾರೆ.

ಆದರೆ ಹೆಸರಿನ ಮಟ್ಟಿಗೆ ಈ ಜಗಳ ತೀರುವವರೆಗೆ ಕಾಯಬೇಕಿಲ್ಲ. ಹೊಸ ಬೆಳೆ ಊರಿಗೆ ಬಂದಾಗ ಎರಡು ಬಗೆಯಲ್ಲಿ ಹೆಸರು ಪಡೆಯುತ್ತದೆ. ಬಟಾಟೆ, ಅನಾನಸುಗಳಂತೆ ತನ್ನ ಹೆಸರನ್ನು ತಾನೇ ಹೊತ್ತು ತರುತ್ತದೆ. ಇಲ್ಲವೇ ಮೆಣಸಿನಕಾಯಿಯಂತೆ, ಮೊದಲೇ ಇದ್ದ ಯಾವುದೋ ಗಿಡದ ಹೆಸರನ್ನು ತೊಟ್ಟುಕೊಳ್ಳುತ್ತದೆ. ಮೆಣಸಿನಕಾಯಿ ಪೋರ್ಚುಗೀಸರ ಜೊತೆ ಅಮೆರಿಕದಿಂದ ಬಂದದ್ದು, ಹೆಸರು ಮಾತ್ರ ನಮ್ಮ ಬಳ್ಳಿಯ ಕರಿಮೆಣಸಿನದು. ಓಕ್ರಾ, ಕಿಂಗೊಂಬೊ, ಬಾಮಿಯಾ ಈ ಮೂರರಲ್ಲಿ ಒಂದೂ ಕನ್ನಡಕ್ಕಾಗಲಿ ತಮಿಳಿಗಾಗಲಿ ಬಂದಿಲ್ಲ. ಬೆಂಡೆ ಕಡಲು ದಾಟಿಯೇ ಬಂದಿದ್ದರೂ ಇಳಿದ ಕಡೆ ಅದಕ್ಕೆ ಹೆಸರು ಸಿದ್ಧವಾಗಿತ್ತು. ನಾರಿನ, ಲೋಳೆಯ ಬೆಂಡೆಗಳು ಕಾಡಿನಲ್ಲಿ ಮೊದಲೇ ಇದ್ದವು. ಹೊಸ ಗಿಡದ ತೊಗಟೆ ಸುಲಿದು, ಕಾಯಿ ಮುರಿದು ಬೆರಳಿಗೆ ಅಂಟಿದ ಲೋಳೆ ನೋಡಿದವನು ‘ಇದೂ ಬೆಂಡೆಯೇ’ ಎಂದಿರಬೇಕು.